ನಿಂತ ಲಾರಿಗೇ ರೋಗ ಜಾಸ್ತಿ: ಅಪ್ಪನ ಕಾಲದ ಗಾಡಿಗಳನ್ನು ಮನೆಯಲ್ಲೇ ಓಡುವ ಸ್ಥಿತಿಯಲ್ಲಿ ಇಟ್ಟುಕೊಳ್ಳೋದು ಹೇಗೆ?

ಆಯುಧಪೂಜೆ ದಿನ ಟೈರಿನ ಕೆಳಗೆ ನಿಂಬೆಹಣ್ಣು ಇಡ್ತೀವಲ್ಲ, ಗಾಡಿ ಮುಂದಕ್ಕೆ ಹೋದಾಗ ಅದು ಪಚಕ್ ಅಂತ ಒಡೀಬೇಕು. ಕೆಲವು ವರ್ಷದ ಹಿಂದೆ ನಮ್ಮ ಶೆಡ್ಡಿನಲ್ಲಿ ನಾಲ್ಕು ಗಾಡಿಗೆ ಪೂಜೆ ಆಯ್ತು. ಮೂರು ಗಾಡಿ ನಿಂಬೆಹಣ್ಣು ಒಡೆದು ಅಂಗಳಕ್ಕೆ ಬಂದವು. ನಾಲ್ಕನೆಯದು ಅಪ್ಪ ಕೊಂಡ ಮೊದಲ ಲಾರಿ, ಲೇಲ್ಯಾಂಡ್ ಕಾಮೆಟ್. ಅದು ನಿಂತಲ್ಲೇ ನಿಂತಿತ್ತು. ಅದರ ಟೈರಿನ ಹತ್ತಿರ ಹೊಸ ಹಣ್ಣು ಇಡೋಕೆ ಬಗ್ಗಿದ್ರೆ, ಹಿಂದಿನ ವರ್ಷ ಇಟ್ಟಿದ್ದು ಒಣಗಿ ಕಪ್ಪಾಗಿ ಗೋಲಿಯ ಹಾಗೆ ಅಲ್ಲೇ ಕೂತಿತ್ತು. ಅಪ್ಪ ನೋಡಿದ್ರು, ಏನೂ ಹೇಳಲಿಲ್ಲ.

ನಮ್ಮದು ತಿಪಟೂರು-ಅರಸೀಕೆರೆ ಕಡೆಯ ತೆಂಗಿನ ಸೀಮೆ. ಕಾಯಿ, ಕೊಬ್ಬರಿ, ಸಿಪ್ಪೆ, ಬೇಸಿಗೆಯಲ್ಲಿ ಕೆರೆ ಗೋಡು, ಆಮೇಲೆ ಕುರಿ ಗೊಬ್ಬರ, ಹೀಗೆ ವರ್ಷವೆಲ್ಲಾ ಏನಾದರೂ ಹೇರೋದು ಇದ್ದೇ ಇರುತ್ತೆ. ಅದಕ್ಕೇ ಅಪ್ಪ ಒಂದೊಂದಾಗಿ ಸೆಕೆಂಡ್ ಹ್ಯಾಂಡ್ ಗಾಡಿ ಸೇರಿಸಿಕೊಂಡು ಬಂದರು. ಕಾಮೆಟ್ ಆದಮೇಲೆ ಟಾಟಾ 1210, ಆಮೇಲೆ ಒಂದು 407, ಟ್ರೈಲರ್ ಎಳೆಯೋಕೆ ಒಂದು ಡೀಸೆಲ್ ಜೀಪು. ಕೊಂಡಿದ್ದನ್ನು ಮಾರಿದ ಅಭ್ಯಾಸ ಅಪ್ಪನಿಗೆ ಇಲ್ಲ.

ಈಗ ಇಂಥ ಗಾಡಿಗಳು ಎಷ್ಟೋ ಮನೆಯ ಹಿತ್ತಲಲ್ಲಿ ಇವೆ. ಓದು ಮುಗಿಸಿ ಊರಿಗೆ ವಾಪಸ್ ಬಂದ ಹುಡುಗರು ಕೇಳೋ ಪ್ರಶ್ನೆ ಒಂದೇ: ಇಟ್ಕೊಳ್ಳೋದಾ, ಗುಜರಿಗೆ ಹಾಕೋದಾ? ನನ್ನ ಉತ್ತರ ಇಷ್ಟು. ವಾರಕ್ಕೊಮ್ಮೆ ಅದರಿಂದ ಕೆಲಸ ತೆಗೆಯೋಕೆ ಆಗುತ್ತೆ ಅನ್ನೋದಾದ್ರೆ ಇಟ್ಕೊಳ್ಳಿ. ಪೂಜೆಗೆ ಮಾತ್ರ ಅನ್ನೋದಾದ್ರೆ, ಎಂಜಿನ್ ಇನ್ನೂ ಓಡ್ತಿರುವಾಗಲೇ ಕೊಟ್ಟುಬಿಡಿ.

ಕಾಮೆಟ್ ಸತ್ತಿದ್ದು ಹೇಗೆ

ಅಪ್ಪ ಅದನ್ನು ಅಸಡ್ಡೆ ಮಾಡಿರಲಿಲ್ಲ, ಅದೇ ಬೇಜಾರಿನ ಸಂಗತಿ. ಪ್ರತಿ ಅಮಾವಾಸ್ಯೆಗೆ ತೊಳೆದು, ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ, ಸೆಲ್ಫ್ ಹೊಡೆದು ಎರಡು ನಿಮಿಷ ಓಡಿಸಿ ಆಫ್ ಮಾಡೋರು. "ದಿನಾ ಕೆಲಸ ಇಲ್ಲದಿದ್ರೂ ಉಸಿರಾಡ್ತಿರಲಿ ಕಣೋ" ಅನ್ನೋರು.

ಆ ಎರಡು ನಿಮಿಷವೇ ಅದಕ್ಕೆ ಕುತ್ತಾಯ್ತು. ಡೀಸೆಲ್ ಉರಿದಾಗ ಹೊಗೆಯ ಜೊತೆ ನೀರಿನ ಆವಿಯೂ ಹುಟ್ಟುತ್ತೆ. ಎಂಜಿನ್ ಚೆನ್ನಾಗಿ ಬಿಸಿಯಾದ್ರೆ ಅದು ಸೈಲೆನ್ಸರ್ ಮೂಲಕ ಆಚೆ ಹೋಗುತ್ತೆ. ತಣ್ಣಗಿರುವಾಗಲೇ ಆಫ್ ಮಾಡಿದ್ರೆ ಸೈಲೆನ್ಸರ್ ಒಳಗೆ, ಆಯಿಲ್ ಒಳಗೆ ಹನಿಯಾಗಿ ಉಳಿಯುತ್ತೆ. ಸೆಲ್ಫ್ ಹೊಡೆದಾಗ ಬ್ಯಾಟರಿಯಿಂದ ಹೋದ ಕರೆಂಟು ಎರಡು ನಿಮಿಷದಲ್ಲಿ ವಾಪಸ್ ತುಂಬೋದೂ ಇಲ್ಲ. ಹಾಗಾಗಿ ಬರೀ ನಿಲ್ಲಿಸೋದಕ್ಕಿಂತ ಹೀಗೆ ಆಗಾಗ ಎರಡು ನಿಮಿಷ ಓಡಿಸೋದೇ ಕೆಟ್ಟದ್ದು.

ಎರಡನೇ ತಪ್ಪು ನೀರಿನದು. ರೇಡಿಯೇಟರಿಗೆ ನಾವು ಹಾಕ್ತಿದ್ದಿದ್ದು ಬೋರ್‌ವೆಲ್ ನೀರು. ಡ್ರಿಪ್ ಪೈಪಿನ ತೂತಿನಲ್ಲಿ ಬಿಳಿ ಉಪ್ಪು ಕಟ್ಟಿ ನೀರು ನಿಂತುಹೋಗೋದು ನೋಡಿದ್ದೀರಲ್ಲ? ಅದೇ ಉಪ್ಪು ರೇಡಿಯೇಟರ್ ಕೊಳವೆಯಲ್ಲೂ, ಸಿಲಿಂಡರ್ ಸುತ್ತಲೂ ಕಟ್ಟುತ್ತೆ. ಎಂಜಿನ್ ಬಿಸಿ ಏರುತ್ತೆ, ಹೆಡ್ಡಿನ ಪ್ಯಾಕಿಂಗ್ ಸುಡುತ್ತೆ. ನಮ್ಮ ಮೇಸ್ತ್ರಿ ಹೆಡ್ ಬಿಚ್ಚಿದಾಗ ಎರಡು ಸಿಲಿಂಡರಿನಲ್ಲಿ ನೀರು ಇಳಿದು, ಪಿಸ್ಟನ್ ತುಕ್ಕಿಗೆ ಕಚ್ಚಿಕೊಂಡಿತ್ತು. "ಅಣ್ಣಾ, ಇದು ಓಡಿ ಸವೆದಿದ್ದಲ್ಲ, ನಿಂತು ಕೆಟ್ಟಿದ್ದು" ಅಂದ್ರು.

ಉಳಿದ ಮೂರು ಗಾಡಿಗೆ ಅವತ್ತೇ ಕೂಲೆಂಟ್ ಹಾಕಿಸಿದೆ. ಕೂಲೆಂಟ್ ಬರೀ ತಂಪಿಗಲ್ಲ, ಒಳಗಿನ ಲೋಹ ತುಕ್ಕು ಹಿಡಿಯದ ಹಾಗೂ ಕಾಯುತ್ತೆ. ಬೆರೆಸೋಕೆ ಡಿಸ್ಟಿಲ್ಡ್ ವಾಟರ್ ತನ್ನಿ. ದಾರಿಯಲ್ಲಿ ನೀರು ಕಮ್ಮಿಯಾಗಿ ಕೆರೆ ನೀರು ಹಾಕೋ ಹಾಗಾದ್ರೆ ಹಾಕಿ, ಮನೆಗೆ ಬಂದು ಪೂರ್ತಿ ಬಿಟ್ಟು ಬದಲಿಸಿ. ಬಿಸಿ ಇರುವಾಗ ಮುಚ್ಚಳ ಮಾತ್ರ ಮುಟ್ಟಬೇಡಿ.

ವಾರದ ಓಟ

ಈಗ ನಮ್ಮ ನಿಯಮ ಸರಳ. ಒಂದೊಂದು ಗಾಡಿಗೆ ವಾರದಲ್ಲಿ ಒಂದು ದಿನ. ಏನಾದರೂ ಹೇರಿಕೊಂಡು ಕನಿಷ್ಠ ಹತ್ತು ಕಿಲೋಮೀಟರ್ ಓಡಬೇಕು, ಟೆಂಪರೇಚರ್ ಮುಳ್ಳು ತನ್ನ ಜಾಗಕ್ಕೆ ಬಂದು ನಿಲ್ಲಬೇಕು, ಎಲ್ಲಾ ಗೇರೂ ಒಮ್ಮೆ ಬೀಳಬೇಕು, ಬ್ರೇಕ್ ನಾಲ್ಕಾರು ಸಲ ಚೆನ್ನಾಗಿ ಒತ್ತಬೇಕು. ಹೇರೋಕೆ ಏನೂ ಇಲ್ಲದಿದ್ರೆ ಪಕ್ಕದ ಮನೆಯವರ ಸಿಪ್ಪೆ ಹೇರಿ. ಡೀಸೆಲ್ ದುಡ್ಡಾದರೂ ಬರುತ್ತೆ.

ಮಳೆಗಾಲದಲ್ಲಿ ಹದಿನೈದು ದಿನ ಆಚೆ ತೆಗೆಯೋಕೆ ಆಗದೇ ಇರೋದು ಉಂಟು. ಆಗ ಮಾಡಬೇಕಾದ ಕೆಲಸ ಬೇರೆ. ಬ್ಯಾಟರಿಯ ಅರ್ಥ್ ಟರ್ಮಿನಲ್ ಬಿಚ್ಚಿಡಿ. ಹ್ಯಾಂಡ್ ಬ್ರೇಕ್ ಹಾಕಬೇಡಿ, ಡ್ರಮ್ಮಿಗೆ ಲೈನರ್ ಕಚ್ಚಿಕೊಳ್ಳುತ್ತೆ. ಮಟ್ಟದ ನೆಲದಲ್ಲಿ ನಿಲ್ಲಿಸಿ, ಗೇರಿನಲ್ಲಿಟ್ಟು ಟೈರಿಗೆ ಎರಡೂ ಕಡೆ ಕಲ್ಲು ಕೊಡಿ. ಕ್ಲಚ್ ಪ್ಲೇಟೂ ತೇವಕ್ಕೆ ಅಂಟಿಕೊಳ್ಳುತ್ತೆ. ತಿಂಗಳುಗಟ್ಟಲೆ ನಿಲ್ಲೋ ಗಾಡಿಯಾದ್ರೆ ಕ್ಲಚ್ ಪೆಡಲ್ ಒತ್ತಿ, ಸೀಟಿಗೂ ಪೆಡಲಿಗೂ ನಡುವೆ ಒಂದು ಮರದ ತುಂಡು ಸಿಕ್ಕಿಸಿ ಇಡಿ. ಟ್ರ್ಯಾಕ್ಟರ್ ಇರೋರಿಗೆ ಇದು ಗೊತ್ತಿರೋ ಉಪಾಯವೇ.

ಟೈರು ಹಸಿ ಮಣ್ಣಿನ ಮೇಲೆ ನಿಲ್ಲಬಾರದು, ಚಪ್ಪಡಿ ಕಲ್ಲು ಹಾಕಿಸಿ. ಶೆಡ್ಡಿಗೆ ತಗಡು ಸಾಕು, ಗೋಡೆ ಬೇಕಿಲ್ಲ, ಗಾಳಿ ಆಡಲಿ. ಇನ್ನು ತೆಂಗಿನ ಮರದ ಕೆಳಗೆ ನಿಲ್ಲಿಸಬೇಡಿ ಅಂತ ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ, ಆದರೂ ನಮ್ಮ ಜೀಪಿನ ಮುಂದಿನ ಗಾಜು ಹೋಗಿದ್ದು ಕಾಯಿ ಬಿದ್ದೇ.

ಕೊಬ್ಬರಿ ಚೀಲ ಕ್ಯಾಬಿನ್ನಿನಲ್ಲಿ ಬಿಟ್ಟರೆ ಇಲಿ ಬರುತ್ತೆ. ಕೊಬ್ಬರಿ ಮುಗಿದಮೇಲೆ ವೈರು ತಿನ್ನುತ್ತೆ. ಏರ್ ಕ್ಲೀನರ್ ಒಳಗೆ ನಾರು ತಂದು ಗೂಡು ಕಟ್ಟಿದ್ದನ್ನೂ ನೋಡಿದ್ದೀನಿ. ವಾರಕ್ಕೊಮ್ಮೆ ಓಡೋ ಗಾಡಿಯಲ್ಲಿ ಇಲಿ ಸಂಸಾರ ಹೂಡೋದು ಕಮ್ಮಿ.

ಬಹಳ ದಿನ ನಿಂತ ಗಾಡಿಯನ್ನು ಎಬ್ಬಿಸೋದು

ಈಗಾಗಲೇ ವರ್ಷಗಟ್ಟಲೆ ನಿಂತಿರೋ ಲಾರಿ ಇದ್ದರೆ, ಹೊಸ ಬ್ಯಾಟರಿ ತಂದು ನೇರ ಸೆಲ್ಫ್ ಹೊಡೀಬೇಡಿ. ಅವಸರ ಮಾಡಿದರೆ ರಿಪೇರಿ ಆಗೋದೂ ಆಗದ ಹಾಗೆ ಆಗುತ್ತೆ.

ಮೊದಲು ಆಯಿಲ್ ಕಡ್ಡಿ ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ಬಂದಿದ್ದರೆ ನೀರು ಸೇರಿದೆ. ಮಟ್ಟ ಗುರುತಿಗಿಂತ ಮೇಲೆ ಬಂದಿದ್ದರೆ ನೀರೋ ಡೀಸೆಲ್ಲೋ ಇಳಿದಿದೆ. ಎರಡರಲ್ಲಿ ಯಾವುದಾದರೂ ಮುಂದೆ ಹೋಗಬೇಡಿ, ಮೇಸ್ತ್ರಿಗೆ ಹೇಳಿ. ಸರಿ ಇದ್ದರೆ ಹಳೇ ಆಯಿಲ್ ಬಿಟ್ಟು, ಫಿಲ್ಟರ್ ಸಮೇತ ಬದಲಿಸಿ. ಓಡದೇ ಇದ್ದರೂ ಆಯಿಲ್‌ಗೆ ವಯಸ್ಸಾಗುತ್ತೆ, ವರ್ಷಕ್ಕೊಮ್ಮೆ ಬದಲಿಸಲೇಬೇಕು.

ಆಮೇಲೆ ಗೇರು ನ್ಯೂಟ್ರಲ್ಲಿಗೆ ತಂದು, ಮುಂದಿನ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಂಜಿನ್ನನ್ನು ಕೈಯಲ್ಲೇ ನಿಧಾನ ಎರಡು ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ನಿಂತರೆ ಬಲ ಹಾಕಬೇಡಿ. ಸಲೀಸಾಗಿ ತಿರುಗಿದರೆ, ಡೀಸೆಲ್ ನಿಲ್ಲಿಸೋ ಸ್ಟಾಪ್ ಕೇಬಲ್ ಎಳೆದು ಹಿಡಿದು, ಸೆಲ್ಫನ್ನು ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಬಿಟ್ಟು ಹೊಡೀರಿ. ಎಂಜಿನ್ ಸ್ಟಾರ್ಟ್ ಆಗಲ್ಲ, ಆದರೆ ಆಯಿಲ್ ಮೇಲಕ್ಕೆ ಏರುತ್ತೆ. ಆಯಿಲ್ ಪ್ರೆಶರ್ ಮುಳ್ಳು ಅಲ್ಲಾಡೋ ತನಕ ಹೀಗೆ ಮಾಡಿ. ಬೇರಿಂಗು ಉಳಿಯೋದು ಈ ತಾಳ್ಮೆಯಿಂದ.

ಡೀಸೆಲ್ ಟ್ಯಾಂಕಿನ ತಳದ ನಟ್ಟು ಸಡಿಲಿಸಿ ಒಂದು ಗಾಜಿನ ಬಾಟಲಿಗೆ ಹಿಡಿದು ರಾತ್ರಿಯಿಡೀ ಬಿಡಿ. ನೀರು ಇದ್ದರೆ ಕೆಳಗೆ ಬೇರೆಯಾಗಿ ಕೂರುತ್ತೆ, ಬರಿಗಣ್ಣಿಗೇ ಕಾಣುತ್ತೆ. ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯಲ್ಲಿ ರಾತ್ರಿ ತಂಪಿಗೆ ಹನಿ ಕಟ್ಟೋದರಿಂದ ಬರೋ ನೀರು ಇದು. ಆದ್ದರಿಂದ ಮಳೆಗಾಲದಲ್ಲಿ ನಿಲ್ಲಿಸೋ ಗಾಡಿಗೆ ಟ್ಯಾಂಕ್ ತುಂಬಿಸಿಯೇ ನಿಲ್ಲಿಸಿ.

ಫಿಲ್ಟರ್ ಬದಲಿಸಿದ ಮೇಲೆ ಏರ್ ತೆಗೆಯೋದು ಇದ್ದೇ ಇದೆ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಹ್ಯಾಂಡ್ ಪ್ರೈಮರ್ ಒತ್ತುತ್ತಾ ಹೋಗಿ. ಮೊದಲು ನೊರೆ ಬರುತ್ತೆ, ಆಮೇಲೆ ಗುಳ್ಳೆ, ಕೊನೆಗೆ ಬರೀ ಡೀಸೆಲ್. ಆಗ ಬಿಗಿ ಮಾಡಿ. ನಾಝಲ್ ಬಿಚ್ಚಿ ಸ್ಪ್ರೇ ನೋಡೋ ಆಸೆ ಇದ್ದರೆ ಕೈ ದೂರ ಇರಲಿ. ಅದು ಚರ್ಮದೊಳಗೇ ನುಗ್ಗುವಷ್ಟು ಒತ್ತಡದ ಡೀಸೆಲ್, ಗಾಯ ಚಿಕ್ಕದಾಗಿ ಕಂಡರೂ ಆಸ್ಪತ್ರೆ ಸೇರಿಸುತ್ತೆ.

ಸ್ಟಾರ್ಟ್ ಆದಮೇಲೆ ಹೊಗೆ ನೋಡಿ. ಮೊದಲು ಸ್ವಲ್ಪ ಬಿಳಿ ಹೊಗೆ ಬಂದು ಬಿಸಿಯಾದಂತೆ ನಿಂತರೆ ತೊಂದರೆ ಇಲ್ಲ. ನಿಲ್ಲದೇ ಇದ್ದರೆ, ಕೂಲೆಂಟೂ ಕಮ್ಮಿಯಾಗ್ತಿದ್ದರೆ, ಪ್ಯಾಕಿಂಗ್ ಹೋಗಿದೆ. ನೀಲಿ ಹೊಗೆ ಅಂದರೆ ಆಯಿಲ್ ಉರೀತಿದೆ. ಕಪ್ಪು ಹೊಗೆ ಬಂದರೆ ಪಂಪು ಬಿಚ್ಚೋ ಮೊದಲು ಏರ್ ಕ್ಲೀನರ್ ನೋಡಿ. ಹಳೇ ಲಾರಿಯಲ್ಲಿ ಆಯಿಲ್ ಬಟ್ಟಲಿನ ಏರ್ ಕ್ಲೀನರ್ ಇರುತ್ತೆ. ನಮ್ಮ ಮಣ್ಣು ರಸ್ತೆಯ ಧೂಳಿಗೆ ಆ ಬಟ್ಟಲಲ್ಲಿ ಕೆಸರು ಕಟ್ಟಿರುತ್ತೆ, ತೊಳೆದು ಹೊಸ ಆಯಿಲ್ ಹಾಕಿದರೆ ಎಷ್ಟೋ ಸಲ ಅಲ್ಲಿಗೇ ಸರಿ ಹೋಗುತ್ತೆ.

ಮನೆಯಲ್ಲಿ ಮಾಡಬಾರದ ಕೆಲಸ

ಹಳೇ ಟಾಟಾ ಎಂಜಿನ್ ಇಷ್ಟಪಡೋಕೆ ಒಂದು ಕಾರಣ ಇದೆ, ಅದರಲ್ಲಿ ಮುಚ್ಚುಮರೆ ಇಲ್ಲ. ಟೆಲ್ಕೊ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಝ್ ಜೊತೆ ಸೇರಿ ಲಾರಿ ಮಾಡೋಕೆ ಶುರು ಮಾಡಿತು, 15 ವರ್ಷ ಆ ಒಪ್ಪಂದ ನಡೆಯಿತು. ಆಮೇಲೆ ಬಂದ ಎಂಜಿನ್ನುಗಳ ಹೆಸರೇ ಅದರ ಲೆಕ್ಕ ಹೇಳುತ್ತೆ. 692 ಅಂದರೆ 6 ಸಿಲಿಂಡರ್, 92 ಮಿ.ಮೀ. ಬೋರ್. 697 ಅಂದರೆ ಅದೇ 6 ಸಿಲಿಂಡರ್, 97 ಮಿ.ಮೀ. 497 ಅಂದರೆ 4 ಸಿಲಿಂಡರ್. ಅಂಗಡಿಯವರಿಗೆ ಈ ನಂಬರ್ ಹೇಳಿದರೆ ಅರ್ಧ ಕೆಲಸ ಮುಗೀತು. ಇಷ್ಟೊಂದು ಸಂಖ್ಯೆಯಲ್ಲಿ ಮಾರಾಟವಾದ ಗಾಡಿ ಆದ್ದರಿಂದ ಇವತ್ತಿಗೂ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ಬರಿಗೈಲಿ ಬರಬೇಕಾಗಿಲ್ಲ. ಕಾಮೆಟ್‌ಗೆ ಆ ಅದೃಷ್ಟ ಇರಲಿಲ್ಲ. ಬೇಕಾದ ಲೈನರ್, ಪಿಸ್ಟನ್ ಒಟ್ಟಿಗೆ ಸಿಗಲೇ ಇಲ್ಲ.

ಆದರೆ ಡೀಸೆಲ್ ಪಂಪ್ ಮಾತ್ರ ಬಿಚ್ಚಬೇಡಿ. ನಮ್ಮ 1210ರ ಪಂಪಿನ ಮೇಲೆ ಇನ್ನೂ ಮೈಕೋ ಅನ್ನೋ ಅಚ್ಚು ಇದೆ. 1951ರಲ್ಲಿ ಶುರುವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ, 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡ ಅದೇ ಮೈಕೋ. ಆ ಪಂಪಿನ ಒಳಗಿನ ಅಳತೆಗಳು ಕೂದಲಿಗಿಂತ ಸಣ್ಣವು. ಕ್ಯಾಲಿಬ್ರೇಷನ್ ಮೆಷಿನ್ ಇರೋ ಪಂಪ್ ಅಂಗಡಿಗೇ ಒಯ್ಯಿರಿ.

ಎರಡನೆಯದು ಚಕ್ರ. ಹಳೇ ಲಾರಿಯ ಡಿಸ್ಕು ಒಂದೇ ತುಂಡಲ್ಲ, ಟೈರನ್ನು ಹಿಡಿದಿರೋದು ಅಂಚಿನ ಕಬ್ಬಿಣದ ರಿಂಗು. ಅದು ಸರಿಯಾಗಿ ಕೂರದೇ ಇದ್ದಾಗ ಗಾಳಿ ತುಂಬಿದರೆ ಗುಂಡಿನ ಹಾಗೆ ಹಾರುತ್ತೆ. ಪಂಕ್ಚರ್ ಅಂಗಡಿಯ ಹುಡುಗರು ಇದರಿಂದ ಪ್ರಾಣ ಕಳ್ಕೊಂಡಿದ್ದಾರೆ. ಚಕ್ರದ ನಟ್ಟು ಬಿಚ್ಚೋ ಮೊದಲೇ ವಾಲ್ವ್ ತೆಗೆದು ಗಾಳಿ ಪೂರ್ತಿ ಬಿಡಿ. ತುಂಬೋವಾಗ ರಿಂಗಿನ ಕಡೆ ನೆಲಕ್ಕಿರಲಿ, ಸುತ್ತ ಚೈನ್ ಬಿಗಿಯಿರಿ, ನೀವು ಪಕ್ಕಕ್ಕೆ ಇರಿ. ನಾನಂತೂ ಈ ಕೆಲಸ ಮನೆಯಲ್ಲಿ ಬಿಟ್ಟೇ ಬಿಟ್ಟಿದ್ದೀನಿ.

ಜಾಕಿ ಒಂದನ್ನೇ ನಂಬಿ ಗಾಡಿ ಕೆಳಗೆ ಹೋಗೋದೂ ಅಷ್ಟೇ ಅಪಾಯ. ಆಕ್ಸಲ್ ಕೆಳಗೆ ದಪ್ಪ ಮರದ ದಿಮ್ಮಿ ಅಡ್ಡಡ್ಡ ಪೇರಿಸಿ, ಉಳಿದ ಟೈರಿಗೆ ಕಲ್ಲು ಕೊಟ್ಟು ಆಮೇಲೆ ಮಲಗಿ. ಸಿಮೆಂಟ್ ಇಟ್ಟಿಗೆ ಬೇಡ, ಹೇಳದೇ ಕೇಳದೇ ಪುಡಿಯಾಗುತ್ತೆ.

ಇನ್ನು ಬ್ರೇಕಿನದು ನನ್ನದೇ ಕಥೆ. ಕೆರೆ ಏರಿಯ ಇಳಿಜಾರಿನಲ್ಲಿ 407ನ್ನು ನ್ಯೂಟ್ರಲ್ ಮಾಡಿ, ಡೀಸೆಲ್ ಉಳೀಲಿ ಅಂತ ಎಂಜಿನ್ನೂ ಆಫ್ ಮಾಡಿದ್ದೆ. ಹಿಂದೆ ಒಂದು ಲೋಡ್ ಗೋಡು. ತಿರುವಿನಲ್ಲಿ ಎಮ್ಮೆ ಹೊಡ್ಕೊಂಡು ಒಬ್ಬ ಅಜ್ಜಿ ಬರ್ತಿದ್ರು. ಪೆಡಲ್ ಒತ್ತಿದೆ, ಮೊದಲ ಸಲ ಹಿಡೀತು, ಎರಡನೇ ಸಲ ಕಲ್ಲಿನ ಹಾಗೆ ಗಟ್ಟಿ. 407ರ ಬ್ರೇಕ್ ಪೆಡಲನ್ನು ಹಗುರ ಮಾಡೋದು ವ್ಯಾಕ್ಯೂಮ್, ಆ ವ್ಯಾಕ್ಯೂಮ್ ಪಂಪು ತಿರುಗೋದು ಎಂಜಿನ್ನಿನಿಂದ. ಎಂಜಿನ್ ನಿಂತರೆ ಒಂದೆರಡು ಸಲ ಒತ್ತೋವಷ್ಟು ಮಾತ್ರ ಉಳಿದಿರುತ್ತೆ. ಗಾಡಿಯನ್ನು ಏರಿಯ ಮಣ್ಣಿನ ಗುಡ್ಡೆಗೆ ಹತ್ತಿಸಿ ನಿಲ್ಲಿಸಿದೆ. ಅಜ್ಜಿ ಬೈದಿದ್ದು ಇಲ್ಲಿ ಬರೆಯೋ ಹಾಗಿಲ್ಲ. ಅವತ್ತು ಸಂಜೆ ನಾಲ್ಕೂ ಚಕ್ರ ಬಿಚ್ಚಿಸಿ ನೋಡಿದ್ರೆ ಒಂದು ವೀಲ್ ಸಿಲಿಂಡರ್ ಸೋರ್ತಿತ್ತು ಕೂಡ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ, ಒಳಗಿಂದಲೇ ತುಕ್ಕು ಹಿಡಿಸುತ್ತೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ನಿಂತಿದ್ದ ಗಾಡಿಯ ಬ್ರೇಕನ್ನು ಅಂಗಳದಲ್ಲೇ ನೋಡಿಕೊಂಡು ಆಮೇಲೆ ರಸ್ತೆಗೆ ಇಳಿಸಿ.

ಕೈಯಲ್ಲಿರೋ ಫೋನೇ ದೊಡ್ಡ ಟೂಲು

ಅಪ್ಪನಿಗೆ ಎಲ್ಲಾ ತಲೆಯಲ್ಲಿತ್ತು, ನಮಗೆ ಇರಲ್ಲ. ಯಾವುದೇ ಭಾಗ ಬಿಚ್ಚೋ ಮೊದಲು ನಾಲ್ಕು ದಿಕ್ಕಿನಿಂದ ಫೋಟೊ ತೆಗೀರಿ. ಒಂದೊಂದು ಗಾಡಿಗೆ ಒಂದೊಂದು ಫೋಲ್ಡರ್ ಇರಲಿ. ಚಾಸಿ ನಂಬರ್, ಎಂಜಿನ್ ನಂಬರ್, ಪಂಪಿನ ತಗಡು, ಬೆಲ್ಟಿನ ನಂಬರ್, ಬೇರಿಂಗಿನ ನಂಬರ್ ಎಲ್ಲಾ ಅದರೊಳಗೆ. ಎಂಜಿನ್ ಆರೋಗ್ಯವಾಗಿ ಓಡ್ತಿರುವಾಗ ಒಂದು ನಿಮಿಷ ಶಬ್ದ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಮುಂದೆ ಏನೋ ಬಡೀತಿದೆ ಅನ್ನಿಸಿದಾಗ ಎರಡನ್ನೂ ಮೇಸ್ತ್ರಿಗೆ ವಾಟ್ಸಾಪಿನಲ್ಲಿ ಕಳಿಸಿ. ನಮ್ಮ ಮೇಸ್ತ್ರಿ ಎಷ್ಟೋ ಸಲ ಕೇಳಿಸಿಕೊಂಡೇ "ಟ್ಯಾಪೆಟ್ ಅಣ್ಣಾ, ಬರೋದು ಬೇಡ" ಅಂದಿದ್ದಾರೆ. ಆಯಿಲ್, ಗ್ರೀಸ್, ಎಫ್‌ಸಿ, ಇನ್ಶೂರೆನ್ಸ್ ತಾರೀಕಿಗೆಲ್ಲ ಫೋನಿನಲ್ಲೇ ಅಲಾರಂ ಇಡಿ.

ಹಳೇ ಟೈರ್ ಕೊಳ್ಳೋವಾಗ ಪಕ್ಕದಲ್ಲಿ ನಾಲ್ಕು ಅಂಕಿ ಹುಡುಕಿ. 2319 ಅಂತಿದ್ದರೆ 2019ರ 23ನೇ ವಾರ ತಯಾರಾಗಿದ್ದು. ಬಟನ್ ಚೆನ್ನಾಗಿದ್ದರೂ ಪಕ್ಕ ಬಿರುಕು ಬಿಟ್ಟಿದ್ದರೆ ಬೇಡ. ಒಂದು ಸಣ್ಣ ಮಲ್ಟಿಮೀಟರ್ ಇಟ್ಟುಕೊಳ್ಳಿ. ರಾತ್ರಿಯೆಲ್ಲಾ ನಿಂತ 12 ವೋಲ್ಟ್ ಬ್ಯಾಟರಿ ಬೆಳಿಗ್ಗೆ 12.6 ತೋರಿಸಿದರೆ ತುಂಬಿದೆ, 12.0 ಹತ್ತಿರ ಬಂದರೆ ಬಹುತೇಕ ಖಾಲಿ.

ಕಾಗದ ಪತ್ರ

ಇಲ್ಲೇ ಬಹಳ ಜನ ಎಡವೋದು. "ನಮ್ಮೂರ ರಸ್ತೆ ತಾನೇ" ಅಂತ ಎಫ್‌ಸಿ, ಇನ್ಶೂರೆನ್ಸ್ ಇಲ್ಲದ ಲಾರಿ ತೆಗೀಬೇಡಿ. ನಮ್ಮೂರ ರಸ್ತೆಯೂ ಕಾನೂನಿನ ಲೆಕ್ಕದಲ್ಲಿ ಸಾರ್ವಜನಿಕ ಜಾಗವೇ. ಯಾರಿಗಾದರೂ ಪೆಟ್ಟಾದರೆ ಪರಿಹಾರ ಜಮೀನು ಮಾರಿ ಕಟ್ಟಬೇಕಾಗಬಹುದು. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಎಫ್‌ಸಿ ಬೇಕು. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಲಾರಿಯ ಎಫ್‌ಸಿ ಶುಲ್ಕ 12,500 ರೂಪಾಯಿಗೆ ಏರಿತು. ದರ ಆಗಾಗ ಬದಲಾಗುತ್ತೆ, ಪರಿವಾಹನ್ ಜಾಲತಾಣದಲ್ಲಿ ಇವತ್ತಿನ ದರ ನೋಡಿಕೊಂಡು ಲೆಕ್ಕ ಹಾಕಿ. ಶುಲ್ಕ, ಟ್ಯಾಕ್ಸು, ಇನ್ಶೂರೆನ್ಸು, ಟೈರು ಸೇರಿಸಿ ಬರೋ ಮೊತ್ತವನ್ನು ವರ್ಷದ ಬಾಡಿಗೆ ಖರ್ಚಿನ ಪಕ್ಕ ಇಡಿ. ನಮ್ಮ ಮನೆಯಲ್ಲಿ 407, ಜೀಪು ಗೆಲ್ಲುತ್ತವೆ. 1210 ಗೆಲ್ಲೋದು ಗೋಡು, ಗೊಬ್ಬರದ ಕಾಲದಲ್ಲಿ ಅಕ್ಕಪಕ್ಕದವರೂ ಲೋಡಿಗೆ ಕರೆದರೆ ಮಾತ್ರ. ಅದಕ್ಕೆ ತಕ್ಕ ಪರ್ಮಿಟ್ ಇದೆಯಾ ಅನ್ನೋದನ್ನೂ ನೋಡಿಕೊಳ್ಳಿ. ಗಾಡಿ ಓಡಿಸೋದೇ ಇಲ್ಲ ಅಂತಾದರೆ ಆರ್‌ಟಿಒ ಕಚೇರಿಗೆ ಮೊದಲೇ ತಿಳಿಸಿ ಕಾಗದ ಒಪ್ಪಿಸಿ, ಇಲ್ಲದಿದ್ದರೆ ಟ್ಯಾಕ್ಸ್ ಬೆಳೀತಾನೇ ಇರುತ್ತೆ.

ಕಾಮೆಟ್ಟನ್ನು ಕೊನೆಗೆ ನೋಂದಾಯಿತ ಗುಜರಿ ಕೇಂದ್ರಕ್ಕೇ ಕೊಟ್ಟೆವು. ಬೀದಿ ಗುಜರಿಯವರು ನಾಲ್ಕು ಕಾಸು ಹೆಚ್ಚು ಕೊಡ್ತೀವಿ ಅಂದ್ರು. ಆದರೆ ಆರ್‌ಸಿ ರದ್ದಾಗದೇ ಇದ್ದರೆ ಆ ನಂಬರಿನ ಗಾಡಿ ಎಲ್ಲೋ ಏನೋ ಮಾಡಿದರೂ ಹುಡುಕಿಕೊಂಡು ಬರೋದು ನಮ್ಮ ಮನೆಗೆ. ನೋಂದಾಯಿತ ಕೇಂದ್ರದಲ್ಲಿ ಕೊಡೋ ಪ್ರಮಾಣಪತ್ರ ತೋರಿಸಿದರೆ ಮುಂದೆ ಹೊಸ ಗಾಡಿ ಕೊಳ್ಳುವಾಗ ರಸ್ತೆ ತೆರಿಗೆಯಲ್ಲಿ ರಿಯಾಯಿತಿಯೂ ಉಂಟು.

ಕ್ರೇನ್ ಬಂದ ದಿನ ಅಪ್ಪ ತೋಟಕ್ಕೆ ಹೋದವರು ಮಧ್ಯಾಹ್ನ ಊಟಕ್ಕೂ ಬರಲಿಲ್ಲ. ಅದರ ಟೂಲ್ ಬಾಕ್ಸನ್ನು ಮಾತ್ರ ಹಿಂದಿನ ರಾತ್ರಿಯೇ ಇಳಿಸಿಟ್ಟಿದ್ರು. ಅದರ ಸ್ಪ್ಯಾನರುಗಳು ಈಗ 1210ರ ಸೀಟಿನ ಹಿಂದೆ ಇವೆ. ಅಮಾವಾಸ್ಯೆ ಪೂಜೆ ಈಗಲೂ ನಡೆಯುತ್ತೆ, ಆದರೆ ಪೂಜೆ ಆದಮೇಲೆ ಅಪ್ಪನೇ ಪಕ್ಕದಲ್ಲಿ ಕೂತು "ಹೆದ್ದಾರಿ ತನಕ ಹೋಗಿ ಬರೋಣ ನಡಿ" ಅಂತಾರೆ.

ಈ ಭಾನುವಾರ 1210ರ ಸರದಿ, ಕುರಿ ಗೊಬ್ಬರ ತರೋಕೆ ಹೋಗಬೇಕು. ಕಿಂಗ್ ಪಿನ್ನಿಗೆ, ಸ್ಪ್ರಿಂಗ್ ಪಟ್ಟಿಯ ಬುಷ್ಷಿಗೆ ಗ್ರೀಸ್ ಹೊಡೆದಾಗಿದೆ. ಟ್ಯಾಂಕಿನ ತಳದ ಡೀಸೆಲ್ ಬಾಟಲಿಗೆ ಹಿಡಿದು ಕಿಟಕಿ ಕಟ್ಟೆ ಮೇಲೆ ಇಟ್ಟಿದ್ದೀನಿ, ಬೆಳಿಗ್ಗೆ ನೋಡಬೇಕು.